ಕೃಷಿ ಕೆಲಸದ ಬಟ್ಟೆಗಳ ಕಲೆ ನಿವಾರಣೆ ಮತ್ತು ಪೀಡೆನಾಶಕ ತಗುಲಿದ ಬಟ್ಟೆಗಳ ಸುರಕ್ಷಿತ ಒಗೆತ

ಹೊಲ, ತೋಟ ಹಾಗೂ ಕೊಟ್ಟಿಗೆಗಳಲ್ಲಿ ದುಡಿಯುವವರ ಬಟ್ಟೆಗೆ ಕಲೆ ತಪ್ಪಿದ್ದಲ್ಲ. ಅಡಿಕೆಯ ಚೊಗರು, ಬಾಳೆಯ ಸೊನೆ, ಹಲಸಿನ ಮೇಣ, ಟ್ರ್ಯಾಕ್ಟರಿನ ಗ್ರೀಸ್, ಕೆಮ್ಮಣ್ಣು, ತುಕ್ಕು ಇವೆಲ್ಲವೂ ಸಾಮಾನ್ಯ ಸೋಪಿಗೆ ಬಗ್ಗುವುದಿಲ್ಲ. ಆದರೆ ಇವುಗಳಲ್ಲಿ ಹೆಚ್ಚಿನವನ್ನು ಮನೆಯಲ್ಲಿಯೇ ಇರುವ ನಿಂಬೆಹಣ್ಣು, ಉಪ್ಪು, ಹುಣಸೆಹಣ್ಣು, ಅಕ್ಕಿಹಿಟ್ಟು, ಕೊಬ್ಬರಿ ಎಣ್ಣೆಗಳಿಂದ ತೆಗೆಯಲು ಸಾಧ್ಯ. ಅದಕ್ಕೆ ಕಲೆಯ ಮೂಲ ಯಾವುದೆಂದು ಮೊದಲು ತಿಳಿದಿರಬೇಕು. ಮೂಲ ತಿಳಿಯದೆ ಬಿಸಿನೀರು ಅಥವಾ ಸೋಪು ಹಾಕಿದರೆ ತೆಗೆಯಬಹುದಾಗಿದ್ದ ಕಲೆಯೂ ಶಾಶ್ವತವಾಗುತ್ತದೆ.

ಇನ್ನೊಂದು ಸಂಗತಿಯನ್ನು ಪ್ರಾರಂಭದಲ್ಲಿಯೇ ಹೇಳಬೇಕಾಗಿದೆ. ಕಣ್ಣಿಗೆ ಕಾಣುವ ಕಲೆ ಬಟ್ಟೆಯ ಅಂದವನ್ನಷ್ಟೇ ಕೆಡಿಸುತ್ತದೆ. ಸಿಂಪರಣೆಯ ಸಮಯದಲ್ಲಿ ಬಟ್ಟೆಗೆ ಸೇರುವ ಪೀಡೆನಾಶಕ ಹೆಚ್ಚಿನ ಸಂದರ್ಭಗಳಲ್ಲಿ ಕಾಣುವುದೇ ಇಲ್ಲ, ಆದರೆ ಅದು ಧರಿಸಿದವರ ಮತ್ತು ಒಗೆಯುವವರ ಆರೋಗ್ಯವನ್ನು ಕೆಡಿಸಬಲ್ಲದು. ಆದ್ದರಿಂದ ಈ ಲೇಖನದಲ್ಲಿ ಎರಡೂ ವಿಷಯಗಳನ್ನು ವಿವರಿಸಲಾಗಿದೆ.

ಒಗೆಯುವ ಮುನ್ನ: ಬಟ್ಟೆಗಳ ವಿಂಗಡಣೆ

ಕೆಲಸ ಮುಗಿಸಿ ಬಂದ ಕೂಡಲೇ ಬಟ್ಟೆಗಳನ್ನು ಮೂರು ಗುಂಪುಗಳಾಗಿ ಬೇರ್ಪಡಿಸಿ.

1. ದಿನನಿತ್ಯದ ಮನೆಬಟ್ಟೆಗಳು.
2. ಮಣ್ಣು, ಸೊನೆ, ಎಣ್ಣೆ, ರಕ್ತ ಮುಂತಾದ ಕಲೆಗಳಿರುವ ಕೆಲಸದ ಬಟ್ಟೆಗಳು.
3. ಪೀಡೆನಾಶಕ, ಕಳೆನಾಶಕ ಅಥವಾ ಬೀಜೋಪಚಾರದ ಔಷಧಿ ತಗುಲಿದ ಬಟ್ಟೆಗಳು. ಇವುಗಳ ಮೇಲೆ ಕಲೆ ಕಾಣದಿದ್ದರೂ ಇದೇ ಗುಂಪಿಗೆ ಸೇರಿಸಬೇಕು. ಇಬ್ಬನಿಯಲ್ಲಿ ತೊಯ್ದ ತಂಬಾಕಿನ ಎಲೆ ಮುರಿದವರ ಬಟ್ಟೆಗಳೂ ಈ ಗುಂಪಿಗೇ ಸೇರುತ್ತವೆ. ಎಲೆಯ ನಿಕೋಟಿನ್ ಒದ್ದೆ ಬಟ್ಟೆಯ ಮೂಲಕ ಚರ್ಮ ಸೇರಿ ತಲೆಸುತ್ತು, ವಾಂತಿಗಳಿಗೆ ಕಾರಣವಾಗುತ್ತದೆ.

ಯಾವ ವಸ್ತುವನ್ನು ಬಳಸುವುದಾದರೂ ಮೊದಲು ಬಟ್ಟೆಯ ಒಳ ಅಂಚಿನಲ್ಲಿ ಸ್ವಲ್ಪ ಹಚ್ಚಿ, ಬಣ್ಣ ಬಿಡುವುದಿಲ್ಲವೆಂದು ಖಚಿತಪಡಿಸಿಕೊಳ್ಳಿ. ರೇಷ್ಮೆ ಮತ್ತು ಉಣ್ಣೆಯ ಬಟ್ಟೆಗಳಿಗೆ ವಾಷಿಂಗ್ ಸೋಡಾ ಹಾಗೂ ಬ್ಲೀಚಿಂಗ್ ಪುಡಿಯನ್ನು ಬಳಸಲೇಬಾರದು.

ಚೊಗರಿನ ಕಲೆಗಳು: ಅಡಿಕೆ, ಬಾಳೆ, ಗೇರುಹಣ್ಣು

ಈ ಮೂರರಲ್ಲಿಯೂ ಒಗರಿಗೆ ಕಾರಣವಾದ ಟ್ಯಾನಿನ್ ವರ್ಗದ ಪದಾರ್ಥಗಳಿವೆ. ಇವು ಹತ್ತಿಯ ನೂಲಿಗೆ ಬಣ್ಣದಂತೆಯೇ ಅಂಟಿಕೊಳ್ಳುತ್ತವೆ. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ಕೈಮಗ್ಗದ ನೂಲಿಗೆ ಅಡಿಕೆ ಚೊಗರಿನಿಂದಲೇ ಬಣ್ಣ ಕಟ್ಟುತ್ತಾರೆ ಎಂಬುದನ್ನು ನೆನಪಿಸಿಕೊಂಡರೆ ಈ ಕಲೆ ಏಕೆ ಹೋಗುವುದಿಲ್ಲವೆಂಬುದು ಅರ್ಥವಾಗುತ್ತದೆ. ಬಾಳೆಯ ಸೊನೆ ಬೀಳುವಾಗ ನೀರಿನಂತಿದ್ದು, ಗಾಳಿ ತಗುಲಿದಂತೆ ಕಂದುಬಣ್ಣಕ್ಕೂ ಅನಂತರ ಕಪ್ಪಿಗೂ ತಿರುಗುತ್ತದೆ. ಆದ್ದರಿಂದ ಇಲ್ಲಿ ಸಮಯವೇ ಮುಖ್ಯ.

ಚೊಗರಿನ ಕಲೆಗೆ ಮೊದಲೇ ಬಟ್ಟೆ ಸೋಪು ಅಥವಾ ವಾಷಿಂಗ್ ಸೋಡಾ ಹಚ್ಚಬಾರದು. ಎಲೆಗೆ ಹಚ್ಚಿದ ಸುಣ್ಣ ಅಡಿಕೆಯೊಡನೆ ಬೆರೆತಾಗ ಬಾಯಿ ಕೆಂಪಾಗುವುದನ್ನು ನೀವು ಬಲ್ಲಿರಿ. ಕ್ಷಾರಗುಣವುಳ್ಳ ಸೋಪು ಮತ್ತು ಸೋಡಾ ಬಟ್ಟೆಯ ಮೇಲೂ ಅದೇ ರೀತಿ ವರ್ತಿಸಿ ಕಲೆಯನ್ನು ಗಾಢವಾಗಿಸುತ್ತವೆ. ಟ್ಯಾನಿನ್ ಕಬ್ಬಿಣದೊಡನೆ ಸೇರಿದರೆ ಕಪ್ಪಾಗುವುದರಿಂದ ಇಂತಹ ಬಟ್ಟೆಗಳನ್ನು ತುಕ್ಕು ಹಿಡಿದ ಬಕೆಟ್ಟಿನಲ್ಲಿ ಅಥವಾ ಕಬ್ಬಿಣದ ಅಂಶ ಹೆಚ್ಚಿರುವ ಕೊಳವೆಬಾವಿಯ ನೀರಿನಲ್ಲಿ ನೆನೆಸಬಾರದು.

ಅನುಸರಿಸಬೇಕಾದ ಕ್ರಮ:

• ಕಲೆಯಾದ ಕೂಡಲೇ, ತೋಟದಲ್ಲಿಯೇ, ತಣ್ಣೀರಿನಿಂದ ಚೆನ್ನಾಗಿ ತೊಳೆಯಿರಿ.
• ಮನೆಗೆ ಬಂದ ಮೇಲೆ ನಿಂಬೆರಸ ಅಥವಾ ಅಡುಗೆಯ ವಿನೆಗರ್ ಹಚ್ಚಿ ಅರ್ಧ ಗಂಟೆ ಬಿಟ್ಟು ತೊಳೆಯಿರಿ.
• ಅನಂತರ ಪಾತ್ರೆ ತೊಳೆಯುವ ದ್ರವ ಮಾರ್ಜಕದಿಂದ ಮೃದುವಾಗಿ ಉಜ್ಜಿ ಒಗೆಯಿರಿ.
• ಬಿಳಿ ಹತ್ತಿ ಬಟ್ಟೆಯಲ್ಲಿ ಕಲೆ ಉಳಿದಿದ್ದರೆ ಶೇ. 3ರ ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ 15 ನಿಮಿಷ ಬಿಟ್ಟು ತೊಳೆಯಬಹುದು. ಔಷಧಿ ಅಂಗಡಿಯಲ್ಲಿ ಶೇ. 6ರ ದ್ರಾವಣ ದೊರೆತರೆ ಅದಕ್ಕೆ ಅಷ್ಟೇ ಪ್ರಮಾಣದ ನೀರನ್ನು ಬೆರೆಸಿಕೊಳ್ಳಿ.

ಹಳೆಯ ಚೊಗರಿನ ಕಲೆ ಪೂರ್ಣವಾಗಿ ಹೋಗುವುದು ಅಪರೂಪ. ಕೊಯ್ಲು ಹಾಗೂ ಸುಲಿಯುವ ಕೆಲಸಕ್ಕೆ ಒಂದು ಜೊತೆ ಬಟ್ಟೆಯನ್ನು ಮೀಸಲಿಡುವುದೇ ಉತ್ತಮ.

ರಕ್ತ, ಹಾಲು ಮತ್ತು ಕೊಟ್ಟಿಗೆಯ ಕಲೆಗಳು

ಕರು ಹಾಕಿಸುವಾಗ ತಗಲುವ ರಕ್ತ ಮತ್ತು ಲೋಳೆ, ಹಾಲು, ಮೊಟ್ಟೆ ಇವು ಸಸಾರಜನಕದ ಕಲೆಗಳು. ಬಿಸಿನೀರು ತಗುಲಿದರೆ, ಬೇಯಿಸಿದ ಮೊಟ್ಟೆ ಗಟ್ಟಿಯಾಗುವಂತೆ ಇವೂ ನೂಲಿನೊಳಗೆ ಗಟ್ಟಿಯಾಗುತ್ತವೆ. ಒಂದು ಲೀಟರ್ ತಣ್ಣೀರಿಗೆ ಎರಡು ಚಮಚ ಉಪ್ಪು ಬೆರೆಸಿ ಅರ್ಧ ಗಂಟೆ ನೆನೆಸಿ. ನೀರು ಕೆಂಪಾದರೆ ಬದಲಿಸಿ ಮತ್ತೆ ನೆನೆಸಿ. ಅನಂತರವೇ ಮಾರ್ಜಕದಿಂದ ಒಗೆಯಿರಿ. ಕಲೆ ಪೂರ್ತಿ ಹೋಗುವವರೆಗೆ ಇಸ್ತ್ರಿ ಮಾಡಬೇಡಿ.

ಎಣ್ಣೆ, ಗ್ರೀಸ್ ಮತ್ತು ಹಲಸಿನ ಮೇಣ

ಗ್ರೀಸ್ ತಗುಲಿದ ಬಟ್ಟೆಯನ್ನು ನೀರಿಗೆ ಹಾಕುವ ಮೊದಲು ಹೆಚ್ಚಿನ ಗ್ರೀಸನ್ನು ಚಮಚದಿಂದ ಕೆರೆದು ತೆಗೆಯಿರಿ. ಕಲೆಯ ಮೇಲೆ ಅಕ್ಕಿಹಿಟ್ಟು ಅಥವಾ ಟಾಲ್ಕಂ ಪೌಡರ್ ಉದುರಿಸಿ ಒಂದು ಗಂಟೆ ಬಿಡಿ. ಎಣ್ಣೆಯನ್ನು ಹೀರಿದ ಹಿಟ್ಟನ್ನು ಕೊಡವಿ, ಒಣ ಬಟ್ಟೆಯ ಮೇಲೆಯೇ ಪಾತ್ರೆ ತೊಳೆಯುವ ದ್ರವವನ್ನು ಹಚ್ಚಿ ಉಜ್ಜಿ, ಬಳಿಕ ಬಿಸಿನೀರಿನಲ್ಲಿ ಒಗೆಯಿರಿ.

ಹಲಸಿನ ಮೇಣಕ್ಕೆ ನೀರು ಏನೂ ಮಾಡಲಾರದು. ಕೊಬ್ಬರಿ ಎಣ್ಣೆ ಹಚ್ಚಿ ಮೇಣ ಮೆತ್ತಗಾದ ಮೇಲೆ ಒರೆಸಿ ತೆಗೆದು, ಉಳಿದ ಎಣ್ಣೆಯ ಕಲೆಯನ್ನು ಮೇಲಿನ ಕ್ರಮದಂತೆ ತೊಳೆಯಿರಿ. ಸೀಮೆಎಣ್ಣೆ ಅಥವಾ ಪೆಟ್ರೋಲ್ ಬಳಸಿದ ಬಟ್ಟೆಗೆ ಒಲೆ, ಬೀಡಿಗಳಿಂದ ಬೆಂಕಿ ತಗಲುವ ಅಪಾಯವಿರುವುದರಿಂದ ಅವನ್ನು ಬಳಸದಿರುವುದು ಕ್ಷೇಮ.

ಮಣ್ಣು, ತುಕ್ಕು ಮತ್ತು ಅರಿಶಿನ

ಒದ್ದೆ ಮಣ್ಣನ್ನು ಉಜ್ಜಿದರೆ ಅದರ ಜೇಡಿಕಣಗಳು ನೂಲಿನೊಳಗೆ ಸೇರುತ್ತವೆ. ನೀರು ಕುಡಿದು ಉಬ್ಬಿ ಅಂಟುವ ಗುಣವುಳ್ಳ ಎರೆಮಣ್ಣಿನಲ್ಲಂತೂ ಇದು ಇನ್ನೂ ಹೆಚ್ಚು. ಬಟ್ಟೆಯನ್ನು ಪೂರ್ತಿ ಒಣಗಿಸಿ, ಬ್ರಷ್ಷಿನಿಂದ ಕೊಡವಿ, ಅನಂತರ ಒಗೆಯಿರಿ. ಕೆಮ್ಮಣ್ಣಿನ ಕೆಂಪು ಕಬ್ಬಿಣದ ಆಕ್ಸೈಡಿನಿಂದ ಬರುವುದು. ಒಗೆದ ಮೇಲೂ ಉಳಿಯುವ ಛಾಯೆಗೆ ತುಕ್ಕಿನ ಉಪಚಾರವನ್ನೇ ಮಾಡಬಹುದು.

ತುಕ್ಕಿನ ಕಲೆಗೆ ನಿಂಬೆರಸ ಮತ್ತು ಉಪ್ಪನ್ನು ಹಚ್ಚಿ, ಒಂದೆರಡು ಗಂಟೆ ಬಿಸಿಲಿನಲ್ಲಿಟ್ಟು ತೊಳೆಯಿರಿ. ಅಗತ್ಯವಿದ್ದರೆ ಪುನರಾವರ್ತಿಸಿ. ತುಕ್ಕಿಗೆ ಬ್ಲೀಚಿಂಗ್ ಪುಡಿ ಬಳಸಿದರೆ ಕಲೆ ಇನ್ನಷ್ಟು ಗಟ್ಟಿಯಾಗುತ್ತದೆ. ಕಬ್ಬಿಣದ ಅಂಶವಿರುವ ಕೊಳವೆಬಾವಿ ನೀರಿಗೆ ಬ್ಲೀಚಿಂಗ್ ಪುಡಿ ಹಾಕಿದಾಗ ಬಿಳಿ ಪಂಚೆಗಳು ಹಳದಿಯಾಗುವುದಕ್ಕೂ ಇದೇ ಕಾರಣ.

ಅರಿಶಿನದ ಕಲೆಗೆ ಸೋಪು ಹಚ್ಚಿದಾಗ ಅದು ಕೆಂಪಾಗುವುದನ್ನು ಕಂಡು ಗಾಬರಿಯಾಗಬೇಕಿಲ್ಲ. ಕ್ಷಾರ ತಗುಲಿದಾಗ ಅರಿಶಿನದ ಬಣ್ಣ ಬದಲಾಗುವುದು ಸಹಜ. ತೊಳೆದು ಒದ್ದೆಯಾಗಿಯೇ ಪ್ರಖರ ಬಿಸಿಲಿಗೆ ಹರವಿ. ಅರಿಶಿನದ ಬಣ್ಣಕ್ಕೆ ಬೆಳಕನ್ನು ತಡೆದುಕೊಳ್ಳುವ ಶಕ್ತಿ ಕಡಿಮೆಯಾದುದರಿಂದ ಎರಡು ಮೂರು ದಿನಗಳಲ್ಲಿ ಕಲೆ ಮಾಸುತ್ತದೆ.

ಪೀಡೆನಾಶಕ ತಗುಲಿದ ಬಟ್ಟೆಗಳು

ಪೀಡೆನಾಶಕಗಳು ಬಾಯಿ ಮತ್ತು ಉಸಿರಿನ ಮೂಲಕವಷ್ಟೇ ಅಲ್ಲದೆ ಚರ್ಮದ ಮೂಲಕವೂ ದೇಹವನ್ನು ಸೇರುತ್ತವೆ. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ ಹತ್ತಿಗೆ ಸಿಂಪರಣೆ ಮಾಡಿದ ಹಲವು ರೈತರು ಹಾಗೂ ಕೂಲಿಕಾರ್ಮಿಕರು ವಿಷಬಾಧೆಯಿಂದ ಮೃತಪಟ್ಟುದನ್ನು ಮರೆಯಬಾರದು. ಬೆವರಿನಿಂದ ತೊಯ್ದು ಮೈಗಂಟಿದ ಬಟ್ಟೆ, ಮೂಗಿಗೆ ಕಟ್ಟಿಕೊಂಡು ಅನಂತರ ಮುಖ ಒರೆಸುವ ಟವೆಲ್ಲು, ಮಡಿಸಿ ಕಟ್ಟಿದ ಲುಂಗಿ ಇವು ಔಷಧಿಯನ್ನು ಗಂಟೆಗಟ್ಟಲೆ ಚರ್ಮಕ್ಕೆ ತಾಗಿಸಿ ಇಡುತ್ತವೆ. ಒಗೆಯದೆ ಮರುದಿನ ಅದನ್ನೇ ಧರಿಸಿದರೆ ಅಪಾಯ ಇಮ್ಮಡಿಯಾಗುತ್ತದೆ.

ಔಷಧಿಯ ರೂಪವನ್ನು ಅವಲಂಬಿಸಿ ಒಗೆತದ ಕಷ್ಟವೂ ಬದಲಾಗುತ್ತದೆ. ನೀರಿನಲ್ಲಿ ಕರಗುವ ದ್ರಾವಣಗಳು (ಎಸ್.ಎಲ್.) ಮತ್ತು ನೀರಿನಲ್ಲಿ ಬೆರೆಯುವ ಪುಡಿಗಳು (ಡಬ್ಲ್ಯೂ.ಪಿ.) ಸುಲಭವಾಗಿ ಹೋಗುತ್ತವೆ. ಎಣ್ಣೆಯಂತಿದ್ದು ನೀರಿಗೆ ಹಾಕಿದಾಗ ಹಾಲಿನಂತಾಗುವ ಇ.ಸಿ. ರೂಪದವು ನೂಲಿಗೆ ಅಂಟಿಕೊಳ್ಳುವುದರಿಂದ ಒಂದು ಒಗೆತಕ್ಕೆ ಹೋಗುವುದಿಲ್ಲ. ಡಬ್ಬಿಯ ಮೇಲಿನ ತ್ರಿಕೋನದ ಬಣ್ಣವನ್ನೂ ಗಮನಿಸಿ. ಕೆಂಪು ಅತ್ಯಂತ ವಿಷಕಾರಿ. ಹಳದಿ, ನೀಲಿ, ಹಸಿರು ಕ್ರಮವಾಗಿ ಕಡಿಮೆ ವಿಷಕಾರಿ. ಹಸಿರು ತ್ರಿಕೋನದ ಔಷಧಿಯಾದರೂ ಬಟ್ಟೆಯನ್ನು ಬೇರೆಯಾಗಿಯೇ ಒಗೆಯಬೇಕು.

ಒಗೆಯುವ ಕ್ರಮ:

1. ಕೈಗವಸನ್ನು ಕಳಚುವ ಮುನ್ನ ಅದರ ಹೊರಭಾಗವನ್ನು ತೊಳೆಯಿರಿ. ಬಟ್ಟೆಗಳನ್ನು ಮನೆಯ ಹೊರಗೇ ಕಳಚಿ ಸ್ನಾನ ಮಾಡಿ. ಜೇಬು ಮತ್ತು ಮಡಿಕೆಗಳಲ್ಲಿ ಸೇರಿದ ಹರಳು, ಪುಡಿಗಳನ್ನು ಹೊಲದಲ್ಲಿಯೇ ಕೊಡವಿ.
2. ಬಟ್ಟೆಗಳನ್ನು ಮಕ್ಕಳ ಕೈಗೆ ಸಿಗದಂತೆ ಪ್ರತ್ಯೇಕ ಬಕೆಟ್ಟಿನಲ್ಲಿಡಿ. ಆ ಬಕೆಟ್ಟನ್ನು ಬೇರಾವುದಕ್ಕೂ ಬಳಸಬೇಡಿ.
3. ಅದೇ ದಿನ ಒಗೆಯಿರಿ. ತಡವಾದಷ್ಟೂ ಔಷಧಿ ನೂಲಿಗೆ ಗಟ್ಟಿಯಾಗಿ ಅಂಟುತ್ತದೆ.
4. ಒಗೆಯುವವರು ರಬ್ಬರ್ ಕೈಗವಸು ಧರಿಸಬೇಕು. ಬರಿಗೈಯಲ್ಲಿ ಉಜ್ಜಬಾರದು.
5. ಮೊದಲು ಬರಿ ನೀರಿನಲ್ಲಿ ಅದ್ದಿ ತೆಗೆಯಿರಿ. ಬಳಿಕ ಬಟ್ಟೆ ತಾಳುವಷ್ಟು ಬಿಸಿಯಾದ ನೀರಿನಲ್ಲಿ (ಸುಮಾರು 60 ಡಿಗ್ರಿ ಸೆಲ್ಸಿಯಸ್) ಮಾರ್ಜಕ ಹಾಕಿ, ಕೋಲಿನಿಂದ ತಿರುವಿ ಒಗೆಯಿರಿ. ಇ.ಸಿ. ರೂಪದ ಔಷಧಿಯಾದರೆ ಎರಡು ಬಾರಿ ಒಗೆಯಿರಿ.
6. ಒಗೆದ ನೀರನ್ನು ಕೆರೆ, ಹಳ್ಳ, ಕಾಲುವೆ, ಬಾವಿಕಟ್ಟೆಗಳ ಬಳಿ ಚೆಲ್ಲಬೇಡಿ. ಪೈರೆಥ್ರಾಯ್ಡ್ ವರ್ಗದ ಕೀಟನಾಶಕಗಳು ಅಲ್ಪ ಪ್ರಮಾಣದಲ್ಲಿಯೂ ಮೀನುಗಳನ್ನು ಕೊಲ್ಲುತ್ತವೆ. ನೀರಿನ ಮೂಲಗಳಿಂದ ದೂರದ ಪಾಳುಭೂಮಿಯಲ್ಲಿ ಚೆಲ್ಲಿ.
7. ಬೇರೆ ಹಗ್ಗದ ಮೇಲೆ ಬಿಸಿಲಿನಲ್ಲಿ ಒಣಗಿಸಿ. ವಾಷಿಂಗ್ ಮೆಷಿನ್ ಬಳಸಿದ್ದರೆ ಬಿಸಿನೀರು ಮತ್ತು ಮಾರ್ಜಕ ಹಾಕಿ ಒಮ್ಮೆ ಖಾಲಿಯಾಗಿ ಓಡಿಸಿ.

ಸಿಂಪರಣೆಗೆ ಧರಿಸುವ ಹತ್ತಿ ಬಟ್ಟೆಗೆ ಅನ್ನದ ಗಂಜಿ ಹಾಕುವುದು ಸುಲಭವಾದ ಮತ್ತು ಉಪಯುಕ್ತವಾದ ಕ್ರಮ. ಔಷಧಿ ನೂಲಿಗಿಂತ ಹೆಚ್ಚಾಗಿ ಗಂಜಿಯ ಪದರಕ್ಕೆ ಅಂಟಿಕೊಂಡು, ಒಗೆದಾಗ ಗಂಜಿಯೊಡನೆಯೇ ಹೋಗುತ್ತದೆ. ಪ್ರತಿ ಒಗೆತದ ನಂತರ ಹೊಸದಾಗಿ ಗಂಜಿ ಹಾಕಬೇಕು.

ಬೋರ್ಡೋ ದ್ರಾವಣ ಸಿಂಪಡಿಸಿದ ಬಟ್ಟೆಗಳನ್ನೂ ಇದೇ ರೀತಿ ಒಗೆಯಿರಿ. ಉಳಿಯುವ ನೀಲಿ ಕಲೆ ತಾಮ್ರದ್ದು. ಕಿಲುಬು ಹಿಡಿದ ಹಿತ್ತಾಳೆ ಪಾತ್ರೆಗೆ ಹುಣಸೆಹಣ್ಣು ಹಚ್ಚುವಂತೆ, ಈ ಕಲೆಗೆ ನಿಂಬೆರಸ ಅಥವಾ ಸೋಸಿದ ಹುಣಸೆನೀರು ಹಚ್ಚಿದರೆ ತಾಮ್ರ ಕರಗಿ ಹೋಗುತ್ತದೆ. ಆಗಲೂ ಕೈಗವಸು ಧರಿಸಿರಿ.

ನೀರು ಬೆರೆಸದ ಔಷಧಿಯೇ ಚೆಲ್ಲಿದ್ದರೆ ಬಟ್ಟೆಯನ್ನು ಕೂಡಲೇ ಕಳಚಿ, ಮೈಯನ್ನು ಸೋಪು ನೀರಿನಿಂದ ತೊಳೆಯಿರಿ. ಅಂತಹ ಬಟ್ಟೆಯನ್ನು ಎಷ್ಟು ಒಗೆದರೂ ಸುರಕ್ಷಿತವಾಗುವುದಿಲ್ಲ. ಔಷಧಿ ಹೀರಿದ ಚರ್ಮದ ಚಪ್ಪಲಿ ಮತ್ತು ಬೆಲ್ಟುಗಳಿಗೂ ಈ ಮಾತು ಅನ್ವಯಿಸುತ್ತದೆ. ಇವನ್ನು ಮತ್ತೆ ಬಳಸಲಾಗದಂತೆ ಕತ್ತರಿಸಿ, ನೀರಿನ ಮೂಲಗಳಿಂದ ದೂರದಲ್ಲಿ ಆಳವಾಗಿ ಹೂಳಿ. ಸುಡಬೇಡಿ. ಸಿಂಪರಣೆಯ ಹಳೆಯ ಅಂಗಿ, ಲುಂಗಿಗಳನ್ನು ಕೌದಿ ಹೊಲಿಯಲು, ತೊಟ್ಟಿಲಿಗೆ ಹಾಸಲು ಅಥವಾ ಅಡುಗೆಮನೆಯ ಮಸಿಬಟ್ಟೆಯಾಗಿ ಎಂದೂ ಬಳಸಕೂಡದು. ವಾಸನೆ ಹೋದ ಮಾತ್ರಕ್ಕೆ ವಿಷ ಹೋಯಿತೆಂದು ತಿಳಿಯಬಾರದು.

ಸಿಂಪರಣೆಯ ಅಥವಾ ಒಗೆತದ ನಂತರ ತಲೆನೋವು, ವಾಂತಿ, ಅತಿಯಾದ ಬೆವರು, ಜೊಲ್ಲು, ಕಣ್ಣು ಮಂಜಾಗುವಿಕೆ ಕಂಡುಬಂದರೆ ತಡಮಾಡದೆ ಆಸ್ಪತ್ರೆಗೆ ತೆರಳಿ. ಔಷಧಿಯ ಡಬ್ಬಿಯ ಲೇಬಲ್ಲನ್ನು ವೈದ್ಯರಿಗೆ ತೋರಿಸಿ.

ಒಟ್ಟಿಗೆ ಬೆರೆಸಬಾರದ ವಸ್ತುಗಳು

ಬ್ಲೀಚಿಂಗ್ ಪುಡಿ ಅಥವಾ ದ್ರವ ಬ್ಲೀಚನ್ನು ನಿಂಬೆರಸ, ವಿನೆಗರ್, ಶೌಚಾಲಯ ತೊಳೆಯುವ ಆಮ್ಲಗಳೊಡನೆ ಬೆರೆಸಿದರೆ ವಿಷಕಾರಿ ಕ್ಲೋರಿನ್ ಅನಿಲ ಬಿಡುಗಡೆಯಾಗುತ್ತದೆ. ಗಂಜಲದಿಂದ ತೊಯ್ದ ಕೊಟ್ಟಿಗೆಯ ಬಟ್ಟೆಯಲ್ಲಿ ಅಮೋನಿಯಾ ಇರುವುದರಿಂದ ಅದಕ್ಕೆ ನೇರವಾಗಿ ಬ್ಲೀಚ್ ಹಾಕಿದರೂ ಶ್ವಾಸಕೋಶಕ್ಕೆ ಹಾನಿಮಾಡುವ ಅನಿಲ ಹೊರಡುತ್ತದೆ. ಒಂದು ವಸ್ತುವನ್ನು ಬಳಸಿ, ಪೂರ್ತಿ ತೊಳೆದ ಮೇಲಷ್ಟೇ ಇನ್ನೊಂದನ್ನು ಬಳಸಿ. ಬ್ಲೀಚ್ ಪೀಡೆನಾಶಕವನ್ನು ನಿರ್ವಿಷಗೊಳಿಸುತ್ತದೆ ಎಂಬ ನಂಬಿಕೆಯಿಂದ ಮೂರನೆಯ ಗುಂಪಿನ ಬಟ್ಟೆಗೆ ಅದನ್ನು ಹಾಕುವುದೂ ಸರಿಯಲ್ಲ.

ವಿಸ್ತರಣಾ ಕಾರ್ಯಕರ್ತರಿಗೆ ಸೂಚನೆ

ಸಿಂಪರಣೆಯ ತರಬೇತಿಗಳಿಗೆ ಬರುವವರು ಹೆಚ್ಚಾಗಿ ಗಂಡಸರು. ಆ ಬಟ್ಟೆಗಳನ್ನು ಒಗೆಯುವವರು ಹೆಚ್ಚಾಗಿ ಮನೆಯ ಹೆಣ್ಣುಮಕ್ಕಳು. ಯಾವ ಔಷಧಿ ಹೊಡೆದು ಬಂದಿದ್ದಾರೆಂಬುದು ಎಷ್ಟೋ ವೇಳೆ ಒಗೆಯುವವರಿಗೆ ತಿಳಿದೇ ಇರುವುದಿಲ್ಲ. ಆದ್ದರಿಂದ ಸಸ್ಯಸಂರಕ್ಷಣೆಯ ಪ್ರತಿಯೊಂದು ತರಬೇತಿಯಲ್ಲಿ ಬಟ್ಟೆ ಒಗೆಯುವ ಪ್ರಾತ್ಯಕ್ಷಿಕೆಯನ್ನೂ ಸೇರಿಸಿ, ಸ್ವಸಹಾಯ ಸಂಘಗಳ ಸದಸ್ಯೆಯರನ್ನು ಆಹ್ವಾನಿಸಿ. ಸಿಂಪಡಿಸಿದವರು ಔಷಧಿಯ ಹೆಸರನ್ನು ಮನೆಯಲ್ಲಿ ತಿಳಿಸುವುದು ಮತ್ತು ಮೊದಲ ಜಾಲಿಸುವಿಕೆಯನ್ನು ತಾವೇ ಮಾಡುವುದು, ಈ ಎರಡು ಅಭ್ಯಾಸಗಳು ರೂಢಿಗೆ ಬಂದರೆ ಬಹುಪಾಲು ಅಪಾಯ ತಪ್ಪುತ್ತದೆ.

ಹೆಚ್ಚಿನ ಮಾಹಿತಿಗಾಗಿ ಸಮೀಪದ ರೈತ ಸಂಪರ್ಕ ಕೇಂದ್ರ, ಕೃಷಿ ವಿಜ್ಞಾನ ಕೇಂದ್ರ ಅಥವಾ ಕಿಸಾನ್ ಕಾಲ್ ಸೆಂಟರಿನ ಉಚಿತ ದೂರವಾಣಿ 1800-180-1551 ಅನ್ನು ಸಂಪರ್ಕಿಸಬಹುದು.