ಮಿತಾಕ್ಷರೆಯಲ್ಲಿ ದೇಹಭೇದವೂ ದಾಯಾಧಿಕಾರವೂ

ಸ್ತ್ರೀಪುರುಷರ ಶರೀರಗಳಲ್ಲಿ ಸಹಜವಾಗಿರುವ ಭೇದವು ಅವರ ಲೌಕಿಕಾಧಿಕಾರಗಳಲ್ಲಿಯೂ ಭೇದವನ್ನುಂಟುಮಾಡಬೇಕೇ ಎಂಬ ಪ್ರಶ್ನೆಯು ಪಾಶ್ಚಾತ್ಯರ ಸಂಪರ್ಕದಿಂದ ಹುಟ್ಟಿದುದೆಂದು ಹಲವರು ಭಾವಿಸುವುದುಂಟು. ಇದು ಸರಿಯಲ್ಲ. ಕಲ್ಯಾಣದಲ್ಲಿ ಕ್ರಿ.ಶ. 1076ರಿಂದ 1126ರವರೆಗೆ ಆಳಿದ ಚಾಳುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಮಿತಾಕ್ಷರೆಯಲ್ಲಿ ಈ ಪ್ರಶ್ನೆಯು ನೇರವಾಗಿಯೇ ಎದುರಾಗುತ್ತದೆ. ಕೋಲ್‌ಬ್ರೂಕನು 1810ರಲ್ಲಿ ಇದರ ದಾಯಪ್ರಕರಣವನ್ನು ಇಂಗ್ಲಿಷಿಗೆ ತಂದ ಮೇಲೆ, ಬಂಗಾಳದ ಕಡೆಯನ್ನುಳಿದು ಭರತಖಂಡದ ಬಹುಭಾಗದ ನ್ಯಾಯಸ್ಥಾನಗಳಿಗೆ ಕನ್ನಡನಾಡಿನ ಈ ಗ್ರಂಥವೇ ಪ್ರಮಾಣವಾಯಿತು.

ಸಪಿಂಡರೆಂದರೆ ಯಾರು? ಪಿತೃಗಳಿಗೆ ಪಿಂಡವನ್ನಿಡುವ ಸಂಬಂಧವುಳ್ಳವರೆಂಬುದು ಜೀಮೂತವಾಹನನ ಪಕ್ಷ. ವಿಜ್ಞಾನೇಶ್ವರನಾದರೋ ಪಿಂಡವೆಂದರೆ ದೇಹವೆಂದು ಅರ್ಥಮಾಡಿ, ಒಂದೇ ಶರೀರದ ಅವಯವಗಳಲ್ಲಿ ಪಾಲುಳ್ಳವರು ಸಪಿಂಡರೆಂದು ನಿರ್ಣಯಿಸುತ್ತಾನೆ. ಅಸ್ಥಿ, ಸ್ನಾಯು, ಮಜ್ಜೆಗಳು ತಂದೆಯಿಂದ. ಚರ್ಮ, ಮಾಂಸ, ರಕ್ತಗಳು ತಾಯಿಯಿಂದ. ಹೀಗೆ ಮೂರಕ್ಕೆ ಮೂರು ಸಮನಾಗಿ ಶರೀರವಾಗುವುದೆಂಬ ಗರ್ಭೋಪನಿಷತ್ತಿನ ಮತವು ಅವನಿಗೆ ಆಧಾರ. ಶ್ರಾದ್ಧದ ಅಧಿಕಾರವನ್ನು ಬಿಟ್ಟು ರಕ್ತಮಾಂಸಗಳನ್ನು ಹಿಡಿದುದರಿಂದ ತಾಯಿಯೂ ಮಗಳೂ ಸಂಬಂಧದ ಕೇಂದ್ರಕ್ಕೆ ಬಂದರೆಂಬುದು ಸಾಮಾನ್ಯವಾದ ಮಾತಲ್ಲ.

ಆದರೆ ವ್ಯವಹಾರಾಧ್ಯಾಯಕ್ಕೆ ಬಂದಾಗ ಇದೇ ದೇಹವಾದವು ಬೇರೊಂದು ದಿಕ್ಕಿಗೆ ಹೊರಳುತ್ತದೆ. ತಾಯಿಯ ಧನವು ಹೆಣ್ಣುಮಕ್ಕಳಿಗೆಂದು ಯಾಜ್ಞವಲ್ಕ್ಯನು ವಿಧಿಸಿದ್ದಾನಷ್ಟೆ. ಅದಕ್ಕೆ ವಿಜ್ಞಾನೇಶ್ವರನು ಕೊಡುವ ಕಾರಣವಿದು: ಪುರುಷಬೀಜವು ಅಧಿಕವಾದರೆ ಗಂಡು, ಸ್ತ್ರೀಬೀಜವು ಅಧಿಕವಾದರೆ ಹೆಣ್ಣು ಎಂದು ಮನುವು ಹೇಳಿರುವುದರಿಂದ, ಮಗಳಲ್ಲಿ ತಾಯಿಯ ಅವಯವಗಳೂ ಮಗನಲ್ಲಿ ತಂದೆಯ ಅವಯವಗಳೂ ಹೆಚ್ಚು, ಆದುದರಿಂದ ತಾಯಿಯದು ಮಗಳಿಗೆ, ತಂದೆಯದು ಮಗನಿಗೆ. ಇಲ್ಲಿ ಶಂಕೆ ಏಳುತ್ತದೆ. ಆಚಾರಾಧ್ಯಾಯದಲ್ಲಿ ಮೂರಕ್ಕೆ ಮೂರೆಂದು ಸಮನಾಗಿದ್ದ ಲೆಕ್ಕದಲ್ಲಿ ಈ ಬಾಹುಲ್ಯವು ಎಲ್ಲಿಂದ ಬಂದಿತು? ಸಂಖ್ಯೆಯಲ್ಲಿ ಸಾಮ್ಯ, ಪರಿಮಾಣದಲ್ಲಿ ವೈಷಮ್ಯ ಎಂದು ಸಮಾಧಾನ ಹೇಳಬಹುದಾದರೂ ಅದು ಕ್ಲಿಷ್ಟಕಲ್ಪನೆ. ವಿಧಿಯು ಮೊದಲೇ ಇದ್ದಿತು. ದೇಹವು ಅದಕ್ಕೆ ಸಾಕ್ಷಿಯಾಗಿ ಆಮೇಲೆ ಬಂದಿತು ಎನ್ನುವುದೇ ಋಜುವಾದ ಮಾರ್ಗ. ಮೇಲಾಗಿ ಹೊಲಮನೆಗಳು ತಂದೆಯವು, ತಾಯಿಯದು ಒಡವೆವಸ್ತ್ರವೆಂಬ ಲೋಕಸ್ಥಿತಿಯಲ್ಲಿ ಈ ನ್ಯಾಯವು ತೋರಿಕೆಗೆ ಮಾತ್ರ ಸಮನಾದುದು.

ಹಾಗೆಂದು ಆಚಾರ್ಯನನ್ನು ಸ್ತ್ರೀದ್ವೇಷಿಗಳ ಸಾಲಿನಲ್ಲಿ ನಿಲ್ಲಿಸುವುದು ಅನ್ಯಾಯ. ಮಕ್ಕಳಿಲ್ಲದೆ ಸತ್ತವನ ಧನವು ತಂದೆತಾಯಿಗಳಿಗೆ ಸಲ್ಲುವಾಗ ತಾಯಿಗೇ ಮೊದಲ ಸ್ಥಾನವನ್ನು ಅವನು ಕೊಡುತ್ತಾನೆ. ತಂದೆಯು ಸವತಿಯ ಮಕ್ಕಳಿಗೂ ತಂದೆ, ತಾಯಿಯು ಹಾಗಲ್ಲವಾದುದರಿಂದ ಅವಳೇ ಹೆಚ್ಚು ಹತ್ತಿರದವಳು. ಉತ್ತರಾಧಿಕಾರದಿಂದಲೂ ಕ್ರಯದಿಂದಲೂ ವಿಭಾಗದಿಂದಲೂ ಬಂದುದೆಲ್ಲವೂ ಸ್ತ್ರೀಧನವೆಂದು ಅದರ ಮೇರೆಯನ್ನು ವಿಸ್ತರಿಸಿದವನೂ ಇವನೇ. ಅವಿವಾಹಿತೆಯರಾದ ಸೋದರಿಯರಿಗೆ ಹೇಳಿರುವ ಕಾಲು ಪಾಲು ಮದುವೆಯ ವೆಚ್ಚಕ್ಕೆ ಸಾಕಾಗುವಷ್ಟು ಹಣವೆಂಬ ಭಾರುಚಿಯ ಮತವನ್ನು ತಳ್ಳಿ, ಅದು ನಿಜವಾದ ಅಂಶವೆಂದು ಅಸಹಾಯ, ಮೇಧಾತಿಥಿಗಳ ಪಕ್ಷವನ್ನು ಹಿಡಿಯುತ್ತಾನೆ.

ಸ್ತ್ರೀಯರು ನಿರಿಂದ್ರಿಯರಾದುದರಿಂದ ದಾಯಕ್ಕೆ ಅರ್ಹರಲ್ಲವೆಂದು ಬೌಧಾಯನನು ಆಶ್ರಯಿಸಿದ ತೈತ್ತಿರೀಯಶ್ರುತಿಗೂ ಮುಂದೆ ವಿಜಯನಗರದ ಕಾಲದಲ್ಲಿ ಪರಿಹಾರ ದೊರೆಯಿತು. ಅಲ್ಲಿ ಇಂದ್ರಿಯವೆಂದರೆ ಸೋಮರಸ. ಪಾತ್ನೀವತಗ್ರಹದಲ್ಲಿ ಪತ್ನಿಗೆ ಪಾಲಿಲ್ಲವೆಂದಷ್ಟೇ ತಾತ್ಪರ್ಯವೆಂದು ಪರಾಶರಮಾಧವೀಯವು ವಿವರಿಸುತ್ತದೆ. ದೇಹದೌರ್ಬಲ್ಯದ ವಾದವು ಯಜ್ಞಪಾತ್ರೆಯೊಳಗೇ ಅಡಗಿಹೋಯಿತು.

ಇನ್ನು ಬೀಜಬಾಹುಲ್ಯದ ಮಾತು. 1905ರಲ್ಲಿ ಅಮೆರಿಕದ ನೆಟ್ಟಿ ಸ್ಟೀವನ್ಸ್ ಎಂಬ ವಿದುಷಿಯು ಹಿಟ್ಟಿನಲ್ಲಿ ಬೆಳೆಯುವ ಹುಳುಗಳನ್ನು ಪರೀಕ್ಷಿಸಿ, ಲಿಂಗವನ್ನು ನಿರ್ಣಯಿಸುವುದು ಗಂಡಿನ ಬೀಜದ ವರ್ಣತಂತುವೆಂದು ತೋರಿಸಿದಳು. ಮನುಷ್ಯರಲ್ಲಿಯೂ ಹಾಗೆಯೇ. ಶಿಶುವು ಗಂಡಾಗಲಿ ಹೆಣ್ಣಾಗಲಿ ತಾಯಿಯಿಂದ 23, ತಂದೆಯಿಂದ 23 ವರ್ಣತಂತುಗಳನ್ನು ಪಡೆಯುತ್ತದೆ. ತಂದೆಯು ಮಗನಿಗೆ ಕೊಡುವ ವೈ ವರ್ಣತಂತುವು ಮಗಳಿಗೆ ಕೊಡುವ ಎಕ್ಸ್‌ಗಿಂತ ಬಹಳ ಚಿಕ್ಕದು. ಜೀವಕೋಶದ ಮೈಟೋಕಾಂಡ್ರಿಯಗಳು ಇಬ್ಬರಿಗೂ ತಾಯಿಯಿಂದಲೇ ಬರುತ್ತವೆ. ಹಾಗಾದರೆ ಅವಯವಬಾಹುಲ್ಯವೇ ದಾಯಕ್ಕೆ ಹೇತುವಾದ ಪಕ್ಷದಲ್ಲಿ ಮಗನೇ ತಾಯಿಯ ಒಡವೆಗಳಿಗೆ ಹಕ್ಕುದಾರನಾಗಬೇಕು, ಮಗಳು ತಂದೆಯ ಹೊಲಕ್ಕೆ!

ಶಾಸನಗಳು ಈ ವಾದವನ್ನು ಮೆಲ್ಲಮೆಲ್ಲನೆ ಕೈಬಿಟ್ಟವು. ಮೈಸೂರು ಸಂಸ್ಥಾನದ 1933ರ ಹಿಂದೂ ಸ್ತ್ರೀಯರ ಹಕ್ಕುಗಳ ಶಾಸನವು ಅವಿವಾಹಿತೆಗೆ ಸೋದರನ ಪಾಲಿನ ಕಾಲಂಶವನ್ನು ವಿಧಿಸಿತು. ಯಾಜ್ಞವಲ್ಕ್ಯನ ಅಳತೆಯೇ ಅದು. 1956ರ ಉತ್ತರಾಧಿಕಾರ ಶಾಸನವು ತಂದೆಯ ಸ್ವಾರ್ಜಿತದಲ್ಲಿ ಮಗಳಿಗೆ ಸಮಭಾಗವನ್ನಿತ್ತಿತು. ಕರ್ನಾಟಕದಲ್ಲಿ 1994ರ ಜುಲೈ 30ರಿಂದ, ಆ ದಿನಕ್ಕೆ ಮೊದಲು ಮದುವೆಯಾದವರನ್ನು ಬಿಟ್ಟು, ಮಗಳು ಪಿತ್ರಾರ್ಜಿತದಲ್ಲಿಯೂ ಜನ್ಮತಃ ಪಾಲುಗಾರಳಾದಳು. 2005ರ ತಿದ್ದುಪಡಿಯು ವಿವಾಹಿತೆಯರಿಗೂ ಆ ಹಕ್ಕನ್ನು ಕೊಟ್ಟಿತು. ಅದಕ್ಕೆ ತಂದೆಯು ಆಗ ಬದುಕಿದ್ದಿರಬೇಕಾಗಿಲ್ಲವೆಂದು 2020ರ ಆಗಸ್ಟ್ 11ರಂದು ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು.

ಆದರೂ ಬೆಂಗಳೂರಿನ ಪಶ್ಚಿಮದ ಚಂದ್ರಾ ಲೇಔಟ್‌ನಂತಹ ಬಡಾವಣೆಗಳಲ್ಲಾಗಲಿ ಹಳ್ಳಿಗಳಲ್ಲಾಗಲಿ, ತಂದೆಯ ಆಸ್ತಿಯನ್ನು ಹಂಚಿಕೊಳ್ಳುವಾಗ ಸೋದರಿಯರಿಂದ ಹಕ್ಕು ಬಿಡುಗಡೆ ಪತ್ರವನ್ನು ಬರೆಸಿಕೊಳ್ಳುವ ರೂಢಿಯು ನಿಂತಿಲ್ಲ. ಅಲ್ಲಿ ಯಾರೂ ಬೀಜಬಾಹುಲ್ಯವನ್ನು ಎತ್ತುವುದಿಲ್ಲ. ಮದುವೆಯಲ್ಲಿ ಕೊಟ್ಟಾಗಿದೆ, ಅರಿಶಿನ ಕುಂಕುಮಕ್ಕೆಂದು ಇನ್ನಷ್ಟು ಕೊಟ್ಟರೆ ಸಾಕು ಎನ್ನುತ್ತಾರೆ. ಕಲ್ಯಾಣದ ವಿದ್ವಾಂಸನು ಒಂಬತ್ತು ಶತಮಾನಗಳ ಹಿಂದೆ ಖಂಡಿಸಿದ ಭಾರುಚಿಯ ಪಕ್ಷವೇ ಅದು.