ರೋಗಿ ಕೊಟ್ಟ ಅಂಕ

ವೈದ್ಯಕೀಯ ಶಿಕ್ಷಣದ ಚರಿತ್ರೆಯನ್ನು ಓದುತ್ತಾ ಬಂದ ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿದ್ದು ಒಬ್ಬ ರೋಗಿಯ ಸೇಡು. ಅಮೆರಿಕದ ನರರೋಗ ತಜ್ಞ ಹೋವರ್ಡ್ ಬ್ಯಾರೋಸ್ ನೆನಪಿಸಿಕೊಂಡ ಪ್ರಸಂಗವಿದು. ವೈದ್ಯರ ಪರೀಕ್ಷೆಯೊಂದಕ್ಕೆ ನಿಜವಾದ ರೋಗಿಯೊಬ್ಬನನ್ನು ಕರೆಸಿದ್ದರು. ಅಭ್ಯರ್ಥಿಯೊಬ್ಬ ಸಿಡುಕುತ್ತಾ, ಒರಟಾಗಿ ತಪಾಸಣೆ ಮಾಡಿದ. ರೋಗಿ ಜಗಳವಾಡಲಿಲ್ಲ, ತನ್ನ ರೋಗಲಕ್ಷಣಗಳನ್ನೇ ಬದಲಿಸಿ ತೋರಿಸಿದ. ಆಮೇಲೆ ಅದನ್ನು ಬ್ಯಾರೋಸ್‌ಗೆ ತಾನೇ ಹೇಳಿದ.

ಲಕ್ಷಣಗಳನ್ನು ನಟಿಸಬಹುದು, ಮತ್ತು ವೈದ್ಯ ಹೇಗೆ ನಡೆದುಕೊಂಡನೆಂದು ಹೇಳಲು ರೋಗಿಗಿಂತ ಒಳ್ಳೆಯ ಸಾಕ್ಷಿಯಿಲ್ಲ. ಈ ಎರಡೂ ಮಾತು ಆ ಸೇಡಿನಲ್ಲೇ ಇದ್ದವು. 1963ರಲ್ಲಿ ಲಾಸ್ ಏಂಜಲೀಸ್‌ನ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿದ್ದ ಬ್ಯಾರೋಸ್, ಕಲಾವಿದರಿಗೆ ಮಾಡೆಲ್ ಆಗಿದ್ದ ಮಹಿಳೆಯೊಬ್ಬರಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ರೋಗಿಯ ಪಾತ್ರ ಕಲಿಸಿದರು. ವಿದ್ಯಾರ್ಥಿ ತಪಾಸಣೆ ಮುಗಿಸಿ ಹೋದ ಮೇಲೆ ಆಕೆ ತಾನು ಕಂಡದ್ದನ್ನು ಪಟ್ಟಿಯಲ್ಲಿ ಗುರುತು ಹಾಕುತ್ತಿದ್ದರು. 1964ರಲ್ಲಿ ಸ್ಟೀಫನ್ ಏಬ್ರಹಾಮ್ಸನ್ ಜೊತೆ ಬ್ಯಾರೋಸ್ ಈ ಪ್ರಯೋಗದ ಬಗ್ಗೆ ಬರೆದಾಗ ಪತ್ರಿಕೆಗಳು ಹಾಲಿವುಡ್ಡಿನ ಹೆಸರೆತ್ತಿ ಗೇಲಿ ಮಾಡಿದವು.

ಗೇಲಿ ಹೆಚ್ಚು ಕಾಲ ಉಳಿಯಲಿಲ್ಲ. 1970ರ ದಶಕದಲ್ಲಿ ಮಕ್ಕಳ ವೈದ್ಯೆ ಪೌಲಾ ಸ್ಟಿಲ್‌ಮನ್, ಅರಿಜೋನಾದಲ್ಲಿ ತಾಯಂದಿರ ಪಾತ್ರಧಾರಿಗಳಿಂದ ವಿದ್ಯಾರ್ಥಿಗಳ ಮಾತುಕತೆಯನ್ನು ಅಳೆಯಿಸಿದರು. 1975ರಲ್ಲಿ ಸ್ಕಾಟ್‌ಲೆಂಡಿನ ಡಂಡಿಯಲ್ಲಿ ರೊನಾಲ್ಡ್ ಹಾರ್ಡನ್ ಮತ್ತು ಸಂಗಡಿಗರು ಠಾಣೆಯಿಂದ ಠಾಣೆಗೆ ಸಾಗುವ ‘ಆಸ್ಕಿ’ ಪರೀಕ್ಷೆಯನ್ನು ಪರಿಚಯಿಸಿದರು. 2004ರಿಂದ ಅಮೆರಿಕದ ವೈದ್ಯ ಪರವಾನಗಿಗೇ ಪಾತ್ರಧಾರಿಗಳ ಪರೀಕ್ಷೆ ಕಡ್ಡಾಯವಾಯಿತು. ಅಲ್ಲಿ ವೃತ್ತಿ ಮಾಡಬಯಸಿದ ನಮ್ಮ ಪದವೀಧರರೂ ಅದನ್ನು ದಾಟಬೇಕಿತ್ತು.

ಹೀಗೆ ಬೆಳೆಯುವಾಗ ಒಂದು ಸಂಗತಿ ಸದ್ದಿಲ್ಲದೆ ಕಳೆದುಹೋಯಿತು ಎಂದು ನನಗನ್ನಿಸುತ್ತದೆ. ತರಗತಿಯಲ್ಲಾದರೆ ಪಾತ್ರಧಾರಿ ಪಾತ್ರ ಬಿಟ್ಟು, ‘ನೀವು ಗಡಿಯಾರ ನೋಡಿದಾಗ ನನಗೆ ಹೇಳಬೇಕೆನಿಸಿದ್ದು ಗಂಟಲಲ್ಲೇ ಉಳಿಯಿತು’ ಎನ್ನಬಹುದು. ಪರವಾನಗಿ ಪರೀಕ್ಷೆಯಲ್ಲಿ ಆ ಮಾತಿಗೆ ಜಾಗವಿರಲಿಲ್ಲ. ಅಭ್ಯರ್ಥಿಗೆ ಸಿಗುತ್ತಿದ್ದುದು ಪಾಸು-ಫೇಲಿನ ಫಲಿತಾಂಶ. ಸಹಾನುಭೂತಿ ಪಟ್ಟಿಯ ಒಂದು ಸಾಲಾದರೆ ‘ನಿಮ್ಮ ಕಷ್ಟ ಅರ್ಥವಾಗುತ್ತದೆ’ ಎಂಬ ವಾಕ್ಯವನ್ನು ಬಾಯಿಪಾಠ ಮಾಡಿದವನಿಗೂ ಅಂಕ ಸಿಗುತ್ತದೆ.

ಕೋವಿಡ್ ಕಾಲದಲ್ಲಿ ನಿಂತ ಆ ಪರೀಕ್ಷೆಯನ್ನು 2021ರಲ್ಲಿ ಕೈಬಿಟ್ಟರು. ಇತ್ತ ಭಾರತದಲ್ಲಿ 2019ರಿಂದ ಎಂಬಿಬಿಎಸ್ ಪಠ್ಯಕ್ರಮದಲ್ಲಿ ನಡವಳಿಕೆ, ನೀತಿ, ಸಂವಹನದ ಪಾಠಗಳು ಸೇರಿವೆ. ಪಟ್ಟಿ ಬೇಡವೆಂದು ನಾನು ಹೇಳಲಾರೆ. ಅದು ಬರುವ ಮುನ್ನ ಅಂಕ ಕೊಡುವ ಹಕ್ಕೆಲ್ಲ ಪ್ರೊಫೆಸರರದಾಗಿತ್ತು. ಆ ರೋಗಿಯ ಕೈಯಲ್ಲಿ ಪೆನ್ನೂ ಇರಲಿಲ್ಲ. ಆದರೆ ಗುರುತು ಹಾಕಿಸಿಕೊಂಡು ಅವನನ್ನು ಕಳಿಸಿಬಿಟ್ಟರೆ ಸಾಲದು. ವಿದ್ಯಾರ್ಥಿ ಐದು ನಿಮಿಷ ಅಲ್ಲೇ ಕೂತು, ಅವನು ಹೇಳುವುದನ್ನು ಕೇಳಿಸಿಕೊಳ್ಳಬೇಕು.