ಜಾಲತಾಣ ಕಟ್ಟುವ ತಂತ್ರಾಂಶಗಳು: ಹೊಸಬರಿಗೆ ಚರಿತ್ರೆ ಕಲಿಸುವ ಪಾಠ

ಹುಮನಾಬಾದ್ ತಾಲ್ಲೂಕಿನ ಜಲಸಂಗ್ವಿಯಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ದೇವಾಲಯವೊಂದಿದೆ. ಅದರ ಹೊರಗೋಡೆಯ ಮೇಲೆ ಶಾಸನ ಬರೆಯುತ್ತಿರುವ ಸುಂದರಿಯೊಬ್ಬಳ ಶಿಲ್ಪವನ್ನು ಕಾಣಬಹುದು. ಆಕೆ ಬರೆದಿರುವುದು ಚಾಲುಕ್ಯ ವಿಕ್ರಮಾದಿತ್ಯನನ್ನು ಹೊಗಳುವ ಸಂಸ್ಕೃತ ಪದ್ಯ. ಆರನೆಯ ವಿಕ್ರಮಾದಿತ್ಯ ಆಳಿದ್ದು 1076ರಿಂದ 1126ರವರೆಗೆ. ಒಂಬತ್ತು ಶತಮಾನಗಳು ಕಳೆದರೂ ಆ ಅಕ್ಷರಗಳನ್ನು ಲಿಪಿ ಬಲ್ಲವರು ಓದಬಲ್ಲರು.

ಇದಕ್ಕೆ ವಿರುದ್ಧವಾದ ಸಂಗತಿಯೊಂದಿದೆ. ಕೇವಲ ಇಪ್ಪತ್ತು ಇಪ್ಪತ್ತೈದು ವರ್ಷಗಳ ಹಿಂದೆ ಅಂತರಜಾಲಕ್ಕೆ ಏರಿಸಿದ ಎಷ್ಟೋ ಕನ್ನಡ ಪುಟಗಳನ್ನು ಇಂದು ಯಾರೂ ಓದಲಾರರು. ಕೆಲವು ಅಳಿಸಿಹೋಗಿವೆ. ಉಳಿದ ಕೆಲವು ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ಸಾಲುಗಳಾಗಿ ಕಾಣುತ್ತವೆ. ಹೀಗೇಕಾಯಿತು? ರಾಜೇಶ್ವರದಲ್ಲೋ ಬಸವಕಲ್ಯಾಣದಲ್ಲೋ ಇರುವ ಒಬ್ಬ ಶಿಕ್ಷಕರು ತಮ್ಮ ಸುತ್ತಲಿನ ಸ್ಮಾರಕಗಳ ಬಗ್ಗೆ ಇಂದು ಜಾಲತಾಣ ಮಾಡಲು ಹೊರಟರೆ ಯಾವ ತಂತ್ರಾಂಶವನ್ನು ಆರಿಸಿಕೊಳ್ಳಬೇಕು? ಎರಡನೆಯ ಪ್ರಶ್ನೆಗೆ ಉತ್ತರ ಮೊದಲನೆಯದರಲ್ಲಿ ಅಡಗಿದೆ. ಆದ್ದರಿಂದ ಈ ತಂತ್ರಾಂಶಗಳ ಚರಿತ್ರೆಯನ್ನು ಸ್ವಲ್ಪ ಗಮನಿಸೋಣ.

ಓದುವುದೂ ಬರೆಯುವುದೂ ಒಂದೇ ಕಿಟಕಿಯಲ್ಲಿ

ವಿಶ್ವವ್ಯಾಪಿ ಜಾಲದ ಕಲ್ಪನೆಯನ್ನು ಟಿಮ್ ಬರ್ನರ್ಸ್-ಲೀ 1989ರಲ್ಲಿ ಜಿನೀವಾ ಬಳಿಯ ಸರ್ನ್ ಸಂಶೋಧನಾಲಯದಲ್ಲಿ ಮಂಡಿಸಿದರು. 1990ರಲ್ಲಿ ಅವರು ನೆಕ್ಸ್ಟ್ ಗಣಕದ ಮೇಲೆ ಸಿದ್ಧಪಡಿಸಿದ ಮೊದಲ ಬ್ರೌಸರ್ ಕೇವಲ ಓದುವ ಸಾಧನವಾಗಿರಲಿಲ್ಲ. ಅದರಲ್ಲಿಯೇ ಪುಟವನ್ನು ಬರೆಯಬಹುದಿತ್ತು, ತಿದ್ದಬಹುದಿತ್ತು. ಆದರೆ 1993ರಲ್ಲಿ ಬಂದು ಜಾಲವನ್ನು ಜನಪ್ರಿಯಗೊಳಿಸಿದ ಮೊಸಾಯಿಕ್ ಓದುವುದಕ್ಕೆ ಒತ್ತುಕೊಟ್ಟಿತು. ಬರೆಯುವವನು ಬೇರೆ ಸಾಧನ ಹುಡುಕಬೇಕಾಯಿತು.

ಆ ಸಾಧನ ದುಬಾರಿಯದೇನೂ ಆಗಬೇಕಿರಲಿಲ್ಲ. ಜಾಲಪುಟ ಎಂದರೆ ಎಚ್‌ಟಿಎಂಎಲ್ ಎಂಬ ಗುರುತುಭಾಷೆಯಲ್ಲಿ ಬರೆದ ಸರಳ ಪಠ್ಯ. ಇದು ಶೀರ್ಷಿಕೆ, ಇದು ಪರಿಚ್ಛೇದ, ಇಲ್ಲಿ ಚಿತ್ರ, ಇಲ್ಲಿಂದ ಇನ್ನೊಂದು ಪುಟಕ್ಕೆ ಕೊಂಡಿ ಎಂದು ಹೇಳುವ ಗುರುತುಗಳು ಪಠ್ಯದ ನಡುನಡುವೆ ಇರುತ್ತವೆ. ಇಷ್ಟಕ್ಕೆ ವಿಂಡೋಸ್‌ನೊಡನೆ ಬರುವ ನೋಟ್‌ಪ್ಯಾಡ್ ಸಾಕು.

ಆದರೂ ಗುರುತುಗಳನ್ನು ಕಲಿಯಲು ಎಲ್ಲರಿಗೂ ವ್ಯವಧಾನವಿರುವುದಿಲ್ಲ. ಈ ಅಗತ್ಯವನ್ನು ಅರಿತು ವರ್ಮೀರ್ ಎಂಬ ಕಂಪೆನಿ 1995ರಲ್ಲಿ ಫ್ರಂಟ್‌ಪೇಜ್ ತಯಾರಿಸಿತು. ಪರದೆಯ ಮೇಲೆ ಪುಟವನ್ನು ಜೋಡಿಸುತ್ತಾ ಹೋದರೆ ಗುರುತುಗಳನ್ನು ತಂತ್ರಾಂಶವೇ ಬರೆದುಕೊಳ್ಳುತ್ತಿತ್ತು. ಮೈಕ್ರೋಸಾಫ್ಟ್ ಆ ಕಂಪೆನಿಯನ್ನು 1996ರ ಜನವರಿಯಲ್ಲಿ ಕೊಂಡುಕೊಂಡಿತು. 1997ರ ಕೊನೆಗೆ ಮ್ಯಾಕ್ರೋಮೀಡಿಯಾದ ಡ್ರೀಮ್‌ವೀವರ್ ಬಂತು. ಮುಂದೆ ಕಂಪ್ಯೂಟರ್ ತರಬೇತಿ ಕೇಂದ್ರಗಳ ಫಲಕಗಳಲ್ಲಿ ಈ ಎರಡು ಹೆಸರುಗಳು ಸಾಮಾನ್ಯವಾದವು.

ಕನ್ನಡದ ವಿಶೇಷ ತೊಡಕು

ಭಾರತದಲ್ಲಿ ಸಾರ್ವಜನಿಕರಿಗೆ ಅಂತರಜಾಲ ದೊರೆತದ್ದು 1995ರ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಮೂಲಕ. ಮರುವರ್ಷ, 1996ರ ಡಿಸೆಂಬರಿನಲ್ಲಿ, ಡಾ. ಯು. ಬಿ. ಪವನಜ ಅವರು ಕನ್ನಡದ ಮೊದಲ ಅಂತರಜಾಲ ಪತ್ರಿಕೆ 'ವಿಶ್ವ ಕನ್ನಡ'ವನ್ನು ಆರಂಭಿಸಿದರು. ಆ ಕಾಲದಲ್ಲಿ ಇಂಗ್ಲಿಷ್ ಪುಟ ಮಾಡುವವರಿಗೆ ಇಲ್ಲದ ಸಮಸ್ಯೆಯೊಂದು ಕನ್ನಡಿಗರಿಗಿತ್ತು. ಗಣಕಕ್ಕೆ ಕನ್ನಡ ಅಕ್ಷರಗಳ ಪರಿಚಯವೇ ಇರಲಿಲ್ಲ.

ಅದಕ್ಕೆ ಕಂಡುಕೊಂಡ ಉಪಾಯ ಹೀಗಿತ್ತು. ಗಣಕದ ಮಟ್ಟಿಗೆ ಪ್ರತಿ ಅಕ್ಷರವೂ ಒಂದು ಸಂಖ್ಯೆ. ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸಂಖ್ಯೆಗಳನ್ನೇ ಬಳಸಿ, ಫಾಂಟಿನಲ್ಲಿ ಆ ಜಾಗಗಳಲ್ಲಿ ಕನ್ನಡ ಅಕ್ಷರಭಾಗಗಳ ಚಿತ್ರಗಳನ್ನು ಕೂರಿಸುವುದು. 'ನುಡಿ'ಯ ಹಳೆಯ ಫಾಂಟುಗಳನ್ನೇ ನೋಡಿ: 'ಕ' ಅಕ್ಷರದ ದೇಹ ಇಂಗ್ಲಿಷಿನ ದೊಡ್ಡ 'ಪಿ' ಇರುವ ಜಾಗದಲ್ಲಿದೆ. 'ನ' ಅಕ್ಷರದ ದೇಹ ಪೌಂಡ್ ನಾಣ್ಯದ ಗುರುತಿನ ಜಾಗದಲ್ಲಿದೆ. ಫಾಂಟ್ ಇದ್ದರೆ ಕನ್ನಡ ಕಾಣುತ್ತದೆ. ಇಲ್ಲದಿದ್ದರೆ ಪಿ, ಪೌಂಡ್ ಮತ್ತು ತಲೆಯ ಮೇಲೆ ಗೀಟು ಹೊತ್ತ ಐರೋಪ್ಯ ಅಕ್ಷರಗಳ ಕಲಸುಮೇಲೋಗರ. ಎಂದರೆ ಪುಟದಲ್ಲಿ ಕನ್ನಡ ಇರಲೇ ಇಲ್ಲ. ಇದ್ದದ್ದು ಕನ್ನಡದ ವೇಷ ಮಾತ್ರ.

ಓದುಗರ ಗಣಕದಲ್ಲಿ ಫಾಂಟ್ ಇಲ್ಲದಿದ್ದರೆ ಪುಟದೊಡನೆಯೇ ಅದನ್ನು ಕಳುಹಿಸುವ ತಂತ್ರವೂ ಬಂತು. ಮೈಕ್ರೋಸಾಫ್ಟ್‌ನ ಇಂಟರ್ನೆಟ್ ಎಕ್ಸ್‌ಪ್ಲೋರರ್‌ಗೆ ಒಂದು ವಿಧಾನ, ನೆಟ್‌ಸ್ಕೇಪ್‌ಗೆ ಬಿಟ್‌ಸ್ಟ್ರೀಮ್ ಕಂಪೆನಿಯ ಇನ್ನೊಂದು ವಿಧಾನ. ಒಂದರದ್ದು ಇನ್ನೊಂದಕ್ಕೆ ಆಗದು. ನೆಟ್‌ಸ್ಕೇಪ್ ಮರೆಯಾಯಿತು. ಎಕ್ಸ್‌ಪ್ಲೋರರನ್ನು 2022ರ ಜೂನ್‌ನಲ್ಲಿ ಮೈಕ್ರೋಸಾಫ್ಟ್ ನಿವೃತ್ತಿಗೊಳಿಸಿತು. ಆ ಬ್ರೌಸರುಗಳನ್ನು ನಂಬಿದ್ದ ಪುಟಗಳು ಅವುಗಳ ಜೊತೆಗೇ ಮೂಕವಾದವು.

ಇದರ ನಡುವೆ ಕನ್ನಡ ಬರವಣಿಗೆಗೆ ಎರಡು ಮಹತ್ವದ ಸಾಧನಗಳು ದೊರೆತವು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂತು. 2000ದ ದಶಕದ ಆರಂಭದಲ್ಲಿ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂತು. ಇವು ಸಾವಿರಾರು ಜನರಿಗೆ ಗಣಕದಲ್ಲಿ ಕನ್ನಡ ಬರೆಯಲು ಕಲಿಸಿದವು. ಆದರೆ ಆಗಿನ ಫಾಂಟುಗಳ ಮಿತಿ ಜಾಲಪುಟಗಳಿಗೂ ಅಂಟಿಕೊಂಡಿತು. ಪುಟದ ವಿನ್ಯಾಸ ಎಷ್ಟು ಚೆಂದವಿದ್ದರೂ ಶೋಧಯಂತ್ರಕ್ಕೆ ಅದರಲ್ಲಿನ 'ಬಸವಕಲ್ಯಾಣ' ಎಂಬ ಪದ ಸಿಗುತ್ತಿರಲಿಲ್ಲ.

ಯೂನಿಕೋಡ್ ತಂದ ಬದಲಾವಣೆ

ಪರಿಹಾರ ಯೂನಿಕೋಡ್. ಜಗತ್ತಿನ ಪ್ರತಿ ಲಿಪಿಯ ಪ್ರತಿ ಅಕ್ಷರಕ್ಕೂ ಬೇರೆ ಯಾವುದರೊಡನೆಯೂ ಹಂಚಿಕೊಳ್ಳದ ಸಂಖ್ಯೆ ಕೊಡುವುದು ಇದರ ತತ್ವ. 1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ 128 ಸ್ಥಾನಗಳ ಜಾಗ ಸಿಕ್ಕಿತ್ತು. ಆದರೆ ಅದು ಜನರ ಮೇಜಿಗೆ ತಲುಪಿದ್ದು 2001ರ ವಿಂಡೋಸ್ ಎಕ್ಸ್‌ಪಿ 'ತುಂಗಾ' ಫಾಂಟನ್ನು ತಂದ ಮೇಲೆ. 2003ರ ಜೂನ್‌ನಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯ ಯೂನಿಕೋಡನ್ನೇ ನೆಚ್ಚಿತು. 2005ರಲ್ಲಿ ಆರಂಭವಾದ 'ಸಂಪದ' ಯೂನಿಕೋಡ್ ಕನ್ನಡವನ್ನು ದ್ರೂಪಲ್ ಎಂಬ ಮುಕ್ತ ತಂತ್ರಾಂಶದ ಮೇಲೆ ಕಟ್ಟಿತು.

ಇದರ ಫಲವನ್ನು ಬಸವಕಲ್ಯಾಣದ ನೆಲಕ್ಕೆ ಸೇರಿದ ಸಾಹಿತ್ಯದಲ್ಲಿಯೇ ನೋಡಬಹುದು. 'ವಚನ ಸಂಚಯ' ಎಂಬ ಜಾಲತಾಣದಲ್ಲಿ ಹನ್ನೆರಡನೆಯ ಶತಮಾನದ ಶರಣರ ವಚನಗಳನ್ನು ಪದಪದವಾಗಿ ಹುಡುಕಬಹುದು. ಒಂದು ಪದ ಯಾವ ವಚನಕಾರರಲ್ಲಿ ಎಲ್ಲೆಲ್ಲಿ ಬಂದಿದೆ ಎಂದು ಕ್ಷಣದಲ್ಲಿ ತಿಳಿಯಬಹುದು. ಅಕ್ಷರ ವೇಷವಾಗಿರದೆ ಅಕ್ಷರವೇ ಆಗಿರುವುದರಿಂದ ಇದು ಸಾಧ್ಯವಾಯಿತು.

ತಂತ್ರಾಂಶಗಳ ಆಯುಷ್ಯ

ಇತ್ತ ವಿನ್ಯಾಸ ತಂತ್ರಾಂಶಗಳ ಗತಿ ಏನಾಯಿತು? ಫ್ರಂಟ್‌ಪೇಜ್‌ನ ಕೊನೆಯ ಆವೃತ್ತಿ 2003ರದು. 2006ರಲ್ಲಿ ಮೈಕ್ರೋಸಾಫ್ಟ್ ಅದನ್ನು ಕೈಬಿಟ್ಟಿತು. ಸಂದರ್ಶಕರ ಎಣಿಕೆ, ಹುಡುಕಾಟ ಮುಂತಾದ ಅದರ ಸೌಲಭ್ಯಗಳಿಗೆ ಸರ್ವರಿನಲ್ಲಿ ವಿಶೇಷ ಜೋಡಣೆ ಬೇಕಿತ್ತು. ಅದು ಹೋದಾಗ ಆ ಸೌಲಭ್ಯಗಳೂ ನಿಂತವು. ಡ್ರೀಮ್‌ವೀವರ್ 2005ರಲ್ಲಿ ಅಡೋಬಿಯ ಪಾಲಾಯಿತು. 2013ರಿಂದ ಅದರ ಹೊಸ ಆವೃತ್ತಿಗಳನ್ನು ಒಮ್ಮೆಲೇ ಕೊಳ್ಳುವಂತಿಲ್ಲ, ಚಂದಾ ಕಟ್ಟುತ್ತಿರಬೇಕು. ಉಚಿತವಾಗಿ ಪುಟಗಳಿಗೆ ಜಾಗ ಕೊಡುತ್ತಿದ್ದ ಜಿಯೋಸಿಟೀಸನ್ನು ಯಾಹೂ 1999ರಲ್ಲಿ ಕೊಂಡು, ಜಪಾನಿನ ಹೊರತು ಉಳಿದೆಡೆ 2009ರ ಅಕ್ಟೋಬರಿನಲ್ಲಿ ಮುಚ್ಚಿತು. ಬೇರೆಡೆಗೆ ಸಾಗಿಸಿಕೊಳ್ಳದವರ ಪುಟಗಳು ಅಲ್ಲಿಗೆ ಮುಗಿದವು.

2003ರ ಮೇ 27ರಂದು ಬಿಡುಗಡೆಯಾದ ವರ್ಡ್‌ಪ್ರೆಸ್ ಇನ್ನೊಂದು ಹಾದಿ ತೋರಿತು. ಇದು ಮುಕ್ತ ತಂತ್ರಾಂಶ. ಬರಹ ಒಂದೆಡೆ, ವಿನ್ಯಾಸ ಇನ್ನೊಂದೆಡೆ. ವಿನ್ಯಾಸ ಬದಲಿಸಿದರೆ ಬರಹ ಕೆಡುವುದಿಲ್ಲ. ಬರಹವನ್ನೆಲ್ಲ ಒಂದು ಕಡತವಾಗಿ ಹೊರತೆಗೆದು ಬೇರೆಡೆಗೆ ಒಯ್ಯಬಹುದು. ಅನಂತರ ಬಂದ ವಿಕ್ಸ್‌ನಂಥ ಸೇವೆಗಳಲ್ಲಿ ಎಳೆದು ಬಿಟ್ಟು ಪುಟ ಜೋಡಿಸುವುದು ಬಲು ಸುಲಭ. ಆದರೆ ಅಲ್ಲಿ ಕಟ್ಟಿದ ತಾಣವನ್ನು ಹಾಗೆಯೇ ಎತ್ತಿ ಬೇರೆ ಸರ್ವರಿನಲ್ಲಿ ಇಡಲು ಬರುವುದಿಲ್ಲ.

ಹೊಸಬರು ಕೇಳಬೇಕಾದ ಪ್ರಶ್ನೆಗಳು

ಈ ಮೂರು ದಶಕಗಳ ಅನುಭವದಿಂದ ನಾಲ್ಕು ಪ್ರಶ್ನೆಗಳು ಹೊರಡುತ್ತವೆ. ತಂತ್ರಾಂಶ ಬಿಡುವ ಕಡತ ಯೂನಿಕೋಡಿನಲ್ಲಿದೆಯೇ? ಆ ಕಡತವನ್ನು ಬೇರೆ ತಂತ್ರಾಂಶ ತೆರೆಯಬಲ್ಲುದೇ? ಕಂಪೆನಿ ಮುಚ್ಚಿದರೆ ಅಥವಾ ಚಂದಾ ನಿಲ್ಲಿಸಿದರೆ ಬರಹ ನಮ್ಮ ಕೈಯಲ್ಲಿ ಉಳಿಯುತ್ತದೆಯೇ? ಸಣ್ಣ ಮೊಬೈಲ್ ಪರದೆಯಲ್ಲೂ ಪುಟ ಓದಲು ಬರುತ್ತದೆಯೇ? ಚಂದದ ಮಾದರಿಗಳು ಎಷ್ಟಿವೆ ಎಂಬುದು ಇವುಗಳ ನಂತರದ ಪ್ರಶ್ನೆ.

ಕಲಿಯುವವರು ಮೊದಲು ನೋಟ್‌ಪ್ಯಾಡಿನಲ್ಲಿ ಒಂದೇ ಒಂದು ಪುಟವನ್ನು ಕೈಯಾರೆ ಬರೆದು ನೋಡುವುದು ಒಳ್ಳೆಯದು. ಒಂದು ಎಚ್ಚರಿಕೆ: ಹಳೆಯ ವಿಂಡೋಸ್‌ಗಳ ನೋಟ್‌ಪ್ಯಾಡ್ ಕಡತ ಉಳಿಸುವಾಗ 'ಆನ್ಸಿ' ಸಂಕೇತವನ್ನು ಮುಂದಿಡುತ್ತದೆ. ಅದನ್ನೇ ಒಪ್ಪಿದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತದೆ. ಅಲ್ಲಿ 'ಯುಟಿಎಫ್-8' ಆರಿಸಬೇಕು. 2019ರಿಂದೀಚಿನ ವಿಂಡೋಸ್ 10ರಲ್ಲಿ ಇದು ತಾನಾಗಿಯೇ ಬರುತ್ತದೆ. ಪುಟ ಹೇಗೆ ಕೆಲಸ ಮಾಡುತ್ತದೆಂದು ತಿಳಿದ ಮೇಲೆ, ಹಲವು ಪುಟಗಳ ತಾಣಕ್ಕೆ ವರ್ಡ್‌ಪ್ರೆಸ್‌ನಂಥ ಮುಕ್ತ ತಂತ್ರಾಂಶಕ್ಕೆ ಹೋಗಬಹುದು. ಒಂದೆರಡು ಪುಟಗಳ ತಾತ್ಕಾಲಿಕ ಪ್ರಕಟಣೆಗೆ ಎಳೆದುಬಿಡುವ ಸೇವೆಗಳೂ ಅಡ್ಡಿಯಿಲ್ಲ, ಮೂಲ ಬರಹ ಮತ್ತು ಚಿತ್ರಗಳ ಪ್ರತಿ ನಮ್ಮಲ್ಲಿದ್ದರೆ.

ನುಡಿ, ಬರಹಗಳ ಹಳೆಯ ಕಡತಗಳು ಶಾಲೆಗಳಲ್ಲಿ, ಮಠಗಳಲ್ಲಿ, ಸಂಘಸಂಸ್ಥೆಗಳ ಗಣಕಗಳಲ್ಲಿ ಇನ್ನೂ ಇವೆ. ಅವನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಹೊಸ ತಾಣದ ಕೆಲಸ ಆ ಪರಿವರ್ತನೆಯಿಂದಲೇ ಆರಂಭವಾದರೆ, ಸ್ಥಳೀಯ ಚರಿತ್ರೆಯ ಎಷ್ಟೋ ಬರಹಗಳು ಗಣಕ ಕೆಡುವ ಮೊದಲೇ ಉಳಿದುಕೊಳ್ಳುತ್ತವೆ.